ಸೆರಗಿನೊಳಗಿನ ಕೈಗಳು

ಚಂದ್ರಾ ಲೇಔಟಿನ ನಮ್ಮ ಪ್ರಕಾಶನದಲ್ಲಿ ಇರುವವರು ಇಬ್ಬರೇ. ಒಬ್ಬರು ಪ್ರಕಾಶಕರು. ಮದುವೆ ಪತ್ರಿಕೆ ಅಚ್ಚು ಹಾಕಿಕೊಂಡು ನೆಮ್ಮದಿಯಾಗಿದ್ದವರು, ಯಾರದೋ ಮಾತು ಕೇಳಿ ಕನ್ನಡದಲ್ಲಿ ಗ್ರಾಫಿಕ್ ಕಾದಂಬರಿ ತರುತ್ತೇನೆಂದು ಹೊರಟರು. ಇನ್ನೊಬ್ಬಳು ನಾನು. ಬೊಂಬೆಗಳ ಬಾಯಿಂದ ಹೊರಡುವ ಗುಳ್ಳೆಗಳೊಳಗೆ ಕನ್ನಡ ಅಕ್ಷರ ಕೂರಿಸುವುದು ನನ್ನ ಕೆಲಸ. ಒತ್ತಕ್ಷರಕ್ಕೆ ಜಾಗ ಸಾಲದೆ ಎಷ್ಟೋ ಸಲ ವೀರರ ಮಾತನ್ನೇ ಮೊಟಕು ಮಾಡಿದ್ದೇನೆ.

ಹೊಸದಾಗಿ ತಂದ ಪುಸ್ತಕಗಳು ಈಗಲೂ ಆಫೀಸಿನ ಮಂಚದ ಕೆಳಗಿವೆ. ವಿಜಯನಗರದಲ್ಲಿ ಒಮ್ಮೆ ಮಳಿಗೆ ಹಾಕಿದ್ದಾಗ ಒಬ್ಬ ತಾಯಿ ಮಗಳ ಕೈಯಿಂದ ಪುಸ್ತಕ ಕಿತ್ತು ವಾಪಸ್ ಇಟ್ಟು, "ಇದ್ರಲ್ಲಿ ಓದೋಕೆ ಏನಿದೆ ಆಂಟಿ, ಬರೀ ಬೊಂಬೆ" ಎಂದರು. ಓದುವ ಪುಸ್ತಕ ಹರಡಿಕೊಂಡಿದ್ದ ಪಕ್ಕದ ಮಳಿಗೆಯಲ್ಲೂ ಆಕೆ ಏನೂ ಕೊಳ್ಳಲಿಲ್ಲ. ಆ ದಿನ ನನಗೆ ಸಿಕ್ಕ ಸಮಾಧಾನ ಅಷ್ಟೇ.

ಹೊಸದು ಹೋಗದಿದ್ದರೆ ಹಳೆಯದನ್ನು ಮರುಮುದ್ರಿಸೋಣ ಎಂದು ಪ್ರಕಾಶಕರಿಗೆ ಹೊಳೆಯಿತು. "ಹಳೇ ಓದುಗರು ಇರ್ತಾರಲ್ಲ ಮೇಡಂ, ನೆನಪಿಗಾದ್ರೂ ತಗೋತಾರೆ" ಎಂದರು. ನಾನು ಹಿಂದುಮುಂದು ನೋಡದೆ ನನ್ನ ಬಾಲ್ಯದ ಒಂದು ಚಿತ್ರಕಥೆಯನ್ನು ಹೇಳಿದೆ. ವಾರಪತ್ರಿಕೆಯೊಂದರಲ್ಲಿ ವಾರಕ್ಕೊಂದು ಪುಟ ಬರುತ್ತಿತ್ತು. ಕಾಣೆಯಾದ ಗಂಡನನ್ನು ಹುಡುಕಿಕೊಂಡು ಊರೂರು ಅಲೆಯುವ ಹೆಂಗಸಿನ ಕಥೆ. ಅವಳ ಕೈ ಮಾತ್ರ ಯಾವ ಚಿತ್ರದಲ್ಲೂ ಕಾಣುತ್ತಿರಲಿಲ್ಲ. ಸೆರಗಿನೊಳಗೋ, ಹಿಟ್ಟಿನ ಪಾತ್ರೆಯೊಳಗೋ, ಬಾಗಿಲ ಹಿಂದೋ ಇರುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ ಅಮ್ಮ, "ಕೆಲಸದಲ್ಲಿರೋ ಕೈ ಯಾರಿಗೆ ಕಾಣುತ್ತೆ ಕಣೇ" ಎಂದಿದ್ದಳು. ನಾನು ಅದನ್ನೇ ನಂಬಿಕೊಂಡು ಬೆಳೆದೆ.

ಆಗ ಎಷ್ಟೋ ಮನೆಗಳಲ್ಲಿ ಮಾಡುತ್ತಿದ್ದಂತೆ ಅಮ್ಮನೂ ಆ ಪುಟಗಳನ್ನು ಕತ್ತರಿಸಿ ಕೂಡಿಟ್ಟು, ಕಥೆ ಮುಗಿದ ಮೇಲೆ ರಾಜಾಜಿನಗರದಲ್ಲಿ ಕೆಂಪು ರಟ್ಟು ಹಾಕಿಸಿ ಬೈಂಡ್ ಮಾಡಿಸಿದ್ದಳು. ಬೈಂಡರ್ ಅಂಚು ಸಮ ಮಾಡುವ ಭರದಲ್ಲಿ ಪ್ರತಿ ಪುಟದ ಒಂದು ಬದಿಯ ಚಿತ್ರವನ್ನೂ ಬೆರಳಗಲ ಹಾರಿಸಿದ್ದ. ಬೇರೆ ಪ್ರತಿಗಾಗಿ ಹುಡುಕದ ಜಾಗವಿಲ್ಲ. ಪತ್ರಿಕೆ ಯಾವತ್ತೋ ಮುಚ್ಚಿತ್ತು, ಮೂಲ ಚಿತ್ರಗಳು ರದ್ದಿಗೆ ಹೋಗಿದ್ದವು. ಗ್ರಂಥಾಲಯಗಳಲ್ಲಿ ಸಂಚಿಕೆಗಳೇನೋ ಇದ್ದವು, ಆ ಪುಟಗಳನ್ನು ಮಾತ್ರ ಯಾರೋ ಬ್ಲೇಡಿನಲ್ಲಿ ಎತ್ತಿದ್ದರು. ಇಷ್ಟಪಟ್ಟು ಓದಿದವರೇ ಆ ಕಥೆಯನ್ನು ಇಲ್ಲವಾಗಿಸಿದ್ದರು. ಉಳಿದದ್ದು ಅಮ್ಮನ ಕೆಂಪು ಪುಸ್ತಕ ಒಂದೇ.

ಆ ಚಿತ್ರಕಥೆ ಬರೆದ ಕಲಾವಿದರು ಕುರುಬರಹಳ್ಳಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ಪುಸ್ತಕ ಕೈಗಿಟ್ಟಾಗ ಒಂದೊಂದೇ ಪುಟ ತಿರುವಿ ನೋಡಿದರು. ಆಮೇಲೆ, "ಇದು ಇನ್ನೂ ಇದೆಯಾ" ಎಂದರು. ತುಂಡಾದ ಕಡೆ ಬಿಳಿ ಪಟ್ಟಿ ಅಂಟಿಸಿ ಹೋದಷ್ಟನ್ನು ತಾವೇ ಬರೆದುಕೊಡುತ್ತೇನೆಂದು ಒಪ್ಪಿದರು. ಮೊದಲು ಸ್ಕ್ಯಾನ್ ಮಾಡಿಸೋಣ ಎಂದೆ ನಾನು. "ಸ್ಕ್ಯಾನಿಗೆ ಹೊಲಿಗೆ ಬಿಚ್ಚಬೇಕು ಮೇಡಂ. ಈಗೊಂದ್ಸಲ, ಅಂಚು ಬಂದ್ಮೇಲೆ ಇನ್ನೊಂದ್ಸಲ ಅಂತ ಎಳೆದಾಡಿದ್ರೆ ಹಳೇ ಕಾಗದ ಪುಡಿಯಾಗುತ್ತೆ. ಎಲ್ಲಾ ಸೇರಿಸಿ ಒಂದೇ ಸಲ ಮಾಡ್ಸೋಣ" ಎಂದರು ಪ್ರಕಾಶಕರು. ಮಾತು ಸರಿಯಾಗಿಯೇ ಇತ್ತು. ಮೊಬೈಲಿನಲ್ಲಿ ನಾಲ್ಕಾರು ಪುಟ ಹಿಡಿದುಕೊಂಡೆವು. ಅವು ವಾಟ್ಸಪ್ಪಿಗಾದಾವು, ಅಚ್ಚಿಗಲ್ಲ.

ಕೆಲಸ ಮುಗಿಯಿತೆಂದು ಕರೆ ಬಂದಾಗ ಇಬ್ಬರೂ ಹೋದೆವು. ಅಂಚುಗಳು ಪರವಾಗಿಲ್ಲ ಅನ್ನುವಂತೆ ಬಂದಿದ್ದವು. ಆದರೆ ಪುಟದ ನಡುವೆ ಆ ಹೆಂಗಸಿಗೆ ಕೈಗಳು ಬಂದಿದ್ದವು. ಸೆರಗಿನ ಮೇಲೆ ಬಿಳಿ ಬಣ್ಣ ಬಳಿದು, ಅದರ ಮೇಲೆ ನಡುಗುವ ಗೆರೆಯಲ್ಲಿ ಬರೆದ ಕೈಗಳು. ಬೆರಳುಗಳು ನುಗ್ಗೆಕಾಯಿಯ ಹಾಗೆ ಉದ್ದುದ್ದ. ಪುಟ ತಿರುವಿದಂತೆಲ್ಲ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತಿತ್ತು, ಜೊತೆಗೆ ಕೆಳಗಿದ್ದ ಹಳೆಯ ಗೆರೆಯೂ.

"ಆಗ ನಂಗೆ ಕೈ ಬರೆಯೋಕೆ ಬರ್ತಿರ್ಲಿಲ್ಲ ಮೇಡಂ" ಎಂದರು ಅವರು. "ಅದಕ್ಕೇ ಬಚ್ಚಿಡ್ತಿದ್ದೆ. ಓದೋರಿಗೆ ಗೊತ್ತಾಗ್ಲಿಲ್ಲ, ನಂಗೆ ಗೊತ್ತಿತ್ತಲ್ಲ. ಮರುಮುದ್ರಣ ಅಂದ್ರೆ ತಪ್ಪು ತಿದ್ದೋಕೆ ಸಿಗೋ ಅವಕಾಶ. ಎಲ್ರಿಗೂ ಸಿಗುತ್ತಾ?"

ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು, ಅಮ್ಮ ನೆನಪಾದಳು. "ಚೆನ್ನಾಗಿದೆ ಸಾರ್" ಎಂದೆ. ಸೊಸೆ ತಂದಿಟ್ಟ ಕಾಫಿ ಕುಡಿದೆವು. ಮೆಟ್ಟಿಲಿಳಿಯುವಾಗ ಪ್ರಕಾಶಕರು, "ಗಣೇಶನ್ನ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದಂಗಾಯ್ತು" ಎಂದರು. ನಗು ಬರಲಿಲ್ಲ. ಬಣ್ಣ ತೆಗೆಯಲಾದೀತೇ ಎಂದು ತಿಳಿದವರನ್ನು ಕೇಳಿದೆವು. ಪತ್ರಿಕೆಯ ಕಾಗದ, ತೇವ ಮುಟ್ಟಿಸಿದರೆ ಪುಟವೇ ಹೋಗುತ್ತದೆ ಎಂದರು.

ಪ್ರಕಾಶಕರು ಮರುಮುದ್ರಣದ ಮಾತು ಬಿಟ್ಟು ಮದುವೆ ಪತ್ರಿಕೆಗೆ ಮರಳಿದರು. ಅವರನ್ನು ದೂರಿ ಫಲವಿಲ್ಲ, ಮದುವೆಗಳಾದರೂ ನಡೆಯುತ್ತಿವೆ. ಕಲಾವಿದರಿಗೆ ವಿಷಯ ಹೇಳುವವರು ಯಾರು ಎಂಬುದು ಮಾತ್ರ ತೀರ್ಮಾನವಾಗಲೇ ಇಲ್ಲ. ಅವರು ಫೋನು ಮಾಡುತ್ತಲೇ ಇದ್ದರು. ಪುಸ್ತಕ ಯಾವಾಗ ಬರುತ್ತೆ ಮೇಡಂ? ಬರುತ್ತೆ ಸಾರ್, ಸ್ವಲ್ಪ ತಡ ಆಗ್ತಿದೆ. ಹೀಗೇ ತಿಂಗಳುಗಳು ಕಳೆದವು.

ಮೊನ್ನೆ ಫೋನಿನಲ್ಲಿ ಬೇರೆಯೇ ಕೇಳಿದರು. "ಕಡೇ ಪುಟದಲ್ಲಿ ರಸ್ತೆ ಪಕ್ಕ ಕಲ್ಲಿನ ಮೇಲೆ ಕೂತಿರ್ತಾಳೆ ನೋಡಿ. ಅಲ್ಲಿ ಕೈ ಹಾಕಿದ್ನಾ? ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ."

ಬೀರುವಿನಿಂದ ಪುಸ್ತಕ ತೆಗೆದೆ. ಕಡೆಯ ಪುಟ ಹಿಂಬದಿಯ ರಟ್ಟಿಗೆ ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಅವಳು ಹಾಗೇ ಕೂತಿದ್ದಳು. ಅಂಚಿನಲ್ಲಿ ಬೆರಳಗಲ ಹೋಗಿತ್ತು, ಉಳಿದದ್ದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಸೆರಗು ಹೊದ್ದು, ಕೈಗಳನ್ನು ಒಳಗೆ ಸೇರಿಸಿಕೊಂಡು, ಗಂಡ ಬಾರದ ರಸ್ತೆಯನ್ನು ನೋಡುತ್ತಿದ್ದಳು. ಇಡೀ ಕಥೆಯಲ್ಲಿ ಹಳೆಯ ಗೆರೆ ಉಳಿದಿದ್ದ ಪುಟ ಅದೊಂದೇ.

ಹಾಕಿದೀರಿ ಸಾರ್ ಎಂದುಬಿಡಬಹುದಿತ್ತು. ಬರುತ್ತೆ ಬರುತ್ತೆ ಎಂದು ಅಷ್ಟು ಸಲ ಹೇಳಿದ್ದ ಬಾಯಿಗೆ ಅದು ದೊಡ್ಡ ಸುಳ್ಳೇನಲ್ಲ. ಈ ಪುಟ ಉಳಿಸಿ ನಾನು ಮಾಡುವುದೇನು? ಒಂದು ಪುಟ ಪುಸ್ತಕವಾಗುವುದಿಲ್ಲ. ಪುಸ್ತಕ ಬರುವುದೂ ಇಲ್ಲ. ನಾನು ಹೋದ ಮೇಲೆ ಇದೂ ರದ್ದಿಗೇ.

"ಇಲ್ಲ ಸಾರ್, ಅದೊಂದು ಉಳಿದಿದೆ" ಎಂದೆ. "ನಾಳೆ ತರ್ತೀನಿ."

ಮರುದಿನ ಅವರು ಕಿಟಕಿಯ ಪಕ್ಕ ಬಣ್ಣ ಕಲೆಸಿಟ್ಟುಕೊಂಡು ಕಾಯುತ್ತಿದ್ದರು. ಅವರ ಕೈಯ ನಡುಕ ಮೊದಲಿಗಿಂತ ಹೆಚ್ಚಾಗಿತ್ತು. ಕುಂಚ ಎತ್ತಿದರೆ ಪುಸ್ತಕವೂ ಮೇಜೂ ಒಟ್ಟಿಗೇ ಅಲುಗಾಡುತ್ತಿದ್ದವು. "ಸ್ವಲ್ಪ ಹಿಡ್ಕೋತೀರಾ ಮೇಡಂ" ಎಂದರು.

ಅವಳು ಕೂತಿದ್ದ ಪುಟ ಅಲುಗದಂತೆ ನಾನು ಎರಡೂ ಕೈಗಳಿಂದ ಒತ್ತಿ ಹಿಡಿದುಕೊಂಡೆ.