ಪ್ರಸಾದ ಕಟ್ಟಿದ ಹಾಳೆ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಸಂಜೆ ಹೊಸಪೇಟೆಯ ಮನೆಯಲ್ಲಿ, ಮೊನ್ನೆ ಕೊಂಡ ಹೊಸ ಟಿವಿಯಲ್ಲಿ ಧಾರಾವಾಹಿ ನೋಡುತ್ತಿದ್ದೆ. ನಾನು ಬಿಟ್ಟು ಬಂದ ಸತ್ಸಂಗ ಮಂಡಳಿಯ ಶಾರದಕ್ಕ, ಅದಿರು ಲಾರಿಗಳ ಕೆಂಪು ಧೂಳನ್ನು ಸೆರಗಿನಿಂದ ಕೊಡವುತ್ತಾ ಬಂದರು.

"ಮೊದ್ಲು ಆ ಟಿವಿ ಬಂದ್ ಮಾಡವ್ವಾ, ಪ್ರಸಾದ ತಂದೀನಿ."

ಬಂದ್ ಮಾಡಲಿಲ್ಲ. ಪೊಟ್ಟಣ ಬಿಚ್ಚಿದೆ. ಸಿರಾ ಕಟ್ಟಿದ್ದ ಹಾಳೆ ನಾನು ಓದಿ ಇಟ್ಟುಕೊಂಡಿದ್ದ ಕಾದಂಬರಿಯದು! ಅಂಚಿನಲ್ಲಿ ನಾಯಕಿಯ ಬಗ್ಗೆ ಹಸಿರು ಶಾಯಿಯಲ್ಲಿ ನಾನೇ ಬರೆದ ಸಾಲು: 'ಇವಳು ಎಂದೋ ಮನೆ ಬಿಡಬೇಕಿತ್ತು.'

ನಾನು ಮಂಡಳಿ ಸೇರಿದಾಗ ಟಿವಿ, ಕಾದಂಬರಿ ಎರಡೂ ಮೈಲಿಗೆ ಎಂದು ನಮ್ಮ ಹಳೆಯ ಟಿವಿ ಮಾರಿಸಿ, ಕಾದಂಬರಿಗಳನ್ನೆಲ್ಲ ಚೀಲದಲ್ಲಿ ತುಂಬಿ ಒಯ್ದವರು ಇದೇ ಶಾರದಕ್ಕ. ನಾನು ಎರಡು ದಿನ ಅತ್ತಿದ್ದೆ.

"ಅಕ್ಕಾ, ಇವನ್ನೆಲ್ಲ ಸುಟ್ಟೀವಿ ಅಂದಿದ್ರಲ್ರಿ?"

"ಹಾಳಿ ಭಾಳ ಚಲೋ ಅದಾವು, ಸುಡಾಕ ಮನಸು ಬರಲಿಲ್ಲ. ಪ್ರಸಾದ ಮುಟ್ಟಿದ ಮ್ಯಾಲ ಎಲ್ಲಿ ಮೈಲಿಗಿ?"

ಮೈಯೆಲ್ಲ ಉರಿದುಹೋಯಿತು. ಅಷ್ಟೂ ಸಿರಾವನ್ನು ಅವರ ಅಂಗೈಗೇ ಸುರಿದೆ.

"ನಾಳೆ ಉಳಿದ ಪುಟಾನೂ ತರ್ರಿ. ಪ್ರಸಾದ ಬ್ಯಾಡ."

ಮಂಡಳಿಗೆ ಹೇಳುತ್ತೇನೆಂದು ಬೈಯುತ್ತಾ ಹೋದರು. ಹೇಳಲಿ. ಹಾಳೆಯ ತುಪ್ಪ ಒರೆಸಿ ಟಿವಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಅವರ ಎರಡು ಮೈಲಿಗೆಗಳೂ ಈಗ ಒಂದೇ ಕಡೆ ಇವೆ. ಮನೆ ಮನೆಯಂತೆ ಕಾಣುತ್ತಿದೆ.