ಕೊನೆಯ ಬೋಗಿಯ ಕಿತ್ತಳೆ ಸಿಪ್ಪೆ

ಅವನಿಗೂ ಎಲ್ಲರ ಹಾಗೆ ಅಪ್ಪ-ಅಮ್ಮ ಇಟ್ಟ ಹೆಸರೊಂದಿತ್ತು. ಅದು ಸಂಬಳದ ದಿನ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಮಿಕ್ಕ ದಿನಗಳಲ್ಲಿ ಸ್ಟೇಷನ್ ಮಾಸ್ಟರರಿಂದ ಹಿಡಿದು ಹೂ ಮಾರುವವಳ ತನಕ ಎಲ್ಲರಿಗೂ ಅವನು ಮೂಗಪ್ಪನೇ. ಊರೊಳಗೆ ಓಡುವ ರೈಲಿನಲ್ಲಿ ಟಿಕೆಟ್ ಚೆಕರ್. ಮೂಗು ನೋಡಲು ಅಂಥ ದೊಡ್ಡದೇನಲ್ಲ. ಆದರೆ ಬಾಗಿಲ ಬಳಿ ನಿಂತು ಒಂದು ಸಲ ಉಸಿರೆಳೆದರೆ ಸಾಕು, ಮೂರನೆಯ ಸೀಟಿನ ಹೆಂಗಸಿನ ಡಬ್ಬಿಯಲ್ಲಿ ಹುರಿದ ಮೊಟ್ಟೆ ಇದೆ, ಕಿಟಕಿಯ ಪಕ್ಕದವನ ಜೇಬಿನಲ್ಲಿ ಬೆಳ್ಳುಳ್ಳಿ ಹಾಕಿದ ಬ್ರೆಡ್ಡಿದೆ ಎಂದು ಹೇಳಿಬಿಡುತ್ತಿದ್ದ. ಎಷ್ಟೋ ವರ್ಷ ಈ ವಿದ್ಯೆಯಿಂದ ಯಾರಿಗೂ ನಾಲ್ಕಾಣೆಯ ಉಪಯೋಗವಿರಲಿಲ್ಲ. ಜನ ಅವನನ್ನು ಕರೆದು ಡಬ್ಬಿ ತೋರಿಸಿ, “ಏನಿದೆ ಹೇಳು ನೋಡೋಣ” ಎಂದು ತಮಾಷೆ ಮಾಡುತ್ತಿದ್ದರು, ಅಷ್ಟೆ.

ಆಮೇಲೆ ಬಂತು ನೋಡಿ ಹೊಸ ನಿಯಮ: ರೈಲಿನಲ್ಲಿ ಯಾರೂ ಏನನ್ನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ತಿಂದರೆ ದಂಡ. ಸೂಪರಿಂಟೆಂಡೆಂಟ್ ಸಾಹೇಬರು ಮೂಗಪ್ಪನನ್ನು ಕರೆಸಿ, ಮೊದಲ ಸಲ ಕುರ್ಚಿ ತೋರಿಸಿ ಕೂರಿಸಿದರು. “ಈ ನಿಯಮ ನಿಂತಿರೋದೇ ನಿನ್ನ ಮೂಗಿನ ಮೇಲೆ ಕಣಯ್ಯ” ಎಂದರು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂತೋಷ ಒಂದು ವಾರವೂ ಬಾಳಲಿಲ್ಲ. ನಿಯಮ ಬರೆದವರು ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಬರೆದಿದ್ದರು. ಬೋಗಿಯಲ್ಲಿ ನಿಂತವನಿಗೆ ಅದರ ತಲೆಬುಡ ಗೊತ್ತಾಗಲಿಲ್ಲ. ಎದೆಹಾಲು ಕುಡಿಯುವ ಮಗುವಿಗೆ ದಂಡ ಹಾಕುವುದೇ? ಬೇಡವೆಂದು ಎರಡನೆಯ ಸುತ್ತೋಲೆ ಬಂತು. ಆದರೆ ಬಾಟಲಿ ಹಾಲಿನ ಬಗ್ಗೆ ಅದು ತುಟಿಪಿಟಕ್ ಎನ್ನಲಿಲ್ಲ. ಬಾಟಲಿ ನೀರನ್ನು ಗುಟುಕರಿಸಬಹುದು, ಕುಡಿಯುವಂತಿಲ್ಲ ಎಂದು ಮೂರನೆಯದು ಹೇಳಿತು. ಗುಟುಕು ಎಲ್ಲಿ ಮುಗಿಯುತ್ತದೆ, ಕುಡಿಯುವುದು ಎಲ್ಲಿ ಶುರುವಾಗುತ್ತದೆ ಎಂದು ನೋಡಲು ಅವನು ಜನರ ಗಂಟಲನ್ನೇ ದಿಟ್ಟಿಸುತ್ತ ನಿಲ್ಲಬೇಕಾಯಿತು. ಒಬ್ಬಾಕೆ ಮಾತ್ರೆಯನ್ನು ಟೀಯಲ್ಲಿ ನುಂಗಿದಳು. ಮಾತ್ರೆಗೆ ಅಡ್ಡಿಯಿಲ್ಲ, ಟೀಗೆ ದಂಡ.

“ಹಾಗಾದ್ರೆ ಟೀ ಅಷ್ಟನ್ನೇ ವಾಪಸ್ ತೆಗೀರಿ” ಎಂದು ಅವಳು ಬಾಯಿ ತೆರೆದು ನಿಂತಳು. ಬೋಗಿಗೆ ಬೋಗಿಯೇ ನಕ್ಕಿತು.

ಕೆಮ್ಮಿನ ಮಿಠಾಯಿ ಚೀಪುವುದು ತಿನ್ನುವುದಾ ಅಲ್ಲವಾ ಎಂದು ಅವನು ಸಾಹೇಬರಿಗೇ ಬರೆದು ಕೇಳಿದ. ‘ನಿಮ್ಮ ವಿವೇಚನೆ ಬಳಸಿ’ ಎಂದು ಉತ್ತರ ಬಂತು. ಇಲಾಖೆಯವರು ಅವನಿಗೆ ಟೋಪಿ ಕೊಟ್ಟಿದ್ದರು, ಸೀಟಿ ಕೊಟ್ಟಿದ್ದರು, ಮಳೆಗೆ ಕೋಟು ಕೊಟ್ಟಿದ್ದರು. ವಿವೇಚನೆ ಯಾವತ್ತು ಕೊಟ್ಟರೆಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಏನೇ ಆಗಲಿ, ಅವನು ಸುಳ್ಳು ಗೊತ್ತಿಲ್ಲದ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಮುಚ್ಚಿದ ಚೀಲದೊಳಗಿನ ಬಿಸ್ಕತ್ತನ್ನೂ ಅವನ ಮೂಗು ಬಿಡಲಿಲ್ಲ. ಜನ ಶಪಿಸಿದರು, ಕೊನೆಗೆ ಸೋತರು. ರೈಲಿನಲ್ಲಿ ತಿನ್ನುವುದು ನಿಂತೇ ಹೋಯಿತು. ಬೋಗಿಗಳು ಮದುವೆಮನೆಯ ಪಾತ್ರೆಯ ಹಾಗೆ ಥಳಥಳ ಹೊಳೆದವು. ಸಾಹೇಬರು ಅವನ ಬೆನ್ನು ತಟ್ಟಿದರು.

ಅದೇ ಬೆನ್ನಿಗೆ ಮನೆಯಲ್ಲಿ ಬೇರೆ ಏಟು ಕಾದಿತ್ತು. ಅವನ ಹೆಂಡತಿ ಅದೇ ರೈಲಿನ ಕೊನೆಯ ನಿಲ್ದಾಣದಲ್ಲಿ ಬೋಗಿ ಗುಡಿಸುತ್ತಿದ್ದಳು. ನಾಲ್ಕು ಹೆಂಗಸರ ಗುಂಪು. ರೈಲು ಬಂದು ನಿಂತೊಡನೆ ಪೊರಕೆ, ಬಕೆಟ್ಟು ಹಿಡಿದು ಹತ್ತುವರು. ಗುಡಿಸಿದ ಕಸವನ್ನು ಗೋಣಿಚೀಲಕ್ಕೆ ತುಂಬಿ ಮೇಸ್ತ್ರಿಯ ಮುಂದೆ ಇಡುವರು. ಕೆಲಸ ಎಷ್ಟಾಯಿತೆಂದು ಮೇಸ್ತ್ರಿ ನೋಡುತ್ತಿದ್ದುದು ಬೋಗಿಯನ್ನಲ್ಲ, ಚೀಲದ ಹೊಟ್ಟೆಯನ್ನು. ಅದು ಅಲ್ಲಿನ ಹಳೇ ಪದ್ಧತಿ. ಚೀಲ ತುಂಬಿದ್ದರೆ ಹೆಂಗಸರು ದುಡಿದರು, ಸೊರಗಿದ್ದರೆ ಸೋಮಾರಿಗಳು. ಈಗ ಚೀಲಗಳು ಸೊರಗಿ ನೆಲಕ್ಕೆ ಬಿದ್ದವು. ಚೀಲ ಹೀಗೇ ಸೊರಗಿದರೆ ಇಬ್ಬರು ಸಾಕು, ಕೊನೆಗೆ ಸೇರಿದವರು ಮೊದಲು ಮನೆಗೆ ಎಂದು ಮೇಸ್ತ್ರಿ ಹೇಳಿಬಿಟ್ಟ. ಎಲ್ಲರಿಗಿಂತ ಕೊನೆಗೆ ಸೇರಿದವಳು ಇವಳೇ.

“ರೀ, ನಿಮ್ಮ ಮೂಗು ನನ್ನ ಪೊರಕೆಗೇ ಬಂತಲ್ರೀ” ಎಂದಳು ಅವತ್ತು ಸಂಜೆ, ನಗುತ್ತಲೇ. ಆದರೆ ಕಣ್ಣಲ್ಲಿ ನಗು ಇರಲಿಲ್ಲ.

“ನಾನೇನು ಮಾಡ್ಲೇ? ನಿಯಮ.”

“ನಿಯಮ ಸರಿ. ನಾನೂ ಎಷ್ಟು ಸಲ ಬೈದಿಲ್ಲ, ಈ ಜನ ತಿಂದಲ್ಲೇ ಉಗುಳ್ತಾರೆ ಅಂತ? ಆದ್ರೆ ಮಗಳು ಮದುವೆಯಾಗಿ ಹೋದ್ಮೇಲೆ ಈ ಮನೇಲಿ ಗೋಡೆ ಬಿಟ್ರೆ ನನ್ನ ಜೊತೆ ಮಾತಾಡೋರು ಯಾರಿದ್ದಾರೆ ಹೇಳಿ. ನನಗೆ ಉಸಿರಾಡೋಕೆ ಆಗೋದು ಅಲ್ಲೇ, ಆ ಮೂವರ ಮಧ್ಯೆ.”

ಅವನು ಲೆಕ್ಕ ಹಾಕಿ ನೋಡಿದ. ತಾನು ಚೆನ್ನಾಗಿ ಕೆಲಸ ಮಾಡಿದಷ್ಟೂ ಅವಳ ಕೆಲಸ ಹೋಗುವುದು ಹತ್ತಿರವಾಗುತ್ತದೆ. ಕೆಟ್ಟದಾಗಿ ಮಾಡೋಣವೆಂದರೆ ಮೂಗು ಕೇಳುವುದಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೂ ತನಗೂ ಏನು ವ್ಯತ್ಯಾಸವೆಂದು ಅವನಿಗೆ ಅನ್ನಿಸಿತು. ಅಂದಿನಿಂದ ಮನೆಯಲ್ಲಿ ಕಸದ ಮಾತನ್ನು ಇಬ್ಬರೂ ಎತ್ತಲಿಲ್ಲ. ಊಟವಾದ ಮೇಲೆ ಅವನು ರೇಡಿಯೋ ಹಚ್ಚಿ ಕಡಲೆಕಾಯಿ ಬಿಡಿಸಿ ತಿನ್ನುವನು. ಅವಳು ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಅವನ ಕೈಗಿಡುವಳು. ಸಿಪ್ಪೆಯನ್ನೆಲ್ಲ ಪೇಪರಿನಲ್ಲಿ ಸುತ್ತಿ ಒಳಗೆ ಒಯ್ಯುವಳು. ಮದುವೆಯಾದಾಗಿನಿಂದ ನಡೆದುಬಂದದ್ದು. ಆ ಪೇಪರು ಒಳಗೆ ಎಲ್ಲಿ ಹೋಗುತ್ತದೆಂದು ಯಾವ ಗಂಡಸು ಕೇಳಿದ್ದಾನೆ, ಇವನು ಕೇಳಲು?

ಸ್ವಲ್ಪ ದಿನಕ್ಕೆ ಸಾಹೇಬರು ಮತ್ತೆ ಕರೆಸಿದರು. ಈ ಸಲ ಕುರ್ಚಿ ತೋರಿಸಲಿಲ್ಲ.

“ಏನಯ್ಯ ಇದು? ಕೊನೇ ಬೋಗೀಲಿ ದಿನಾ ಕಡಲೆಕಾಯಿ ಸಿಪ್ಪೆ, ಕಿತ್ತಳೆ ಸಿಪ್ಪೆ ಸಿಗ್ತಿದೆಯಂತೆ. ಚೀಲ ಮತ್ತೆ ತುಂಬೋಕೆ ಶುರುವಾಗಿದೆ ಅಂತ ಮೇಸ್ತ್ರಿ ಹೇಳ್ತಾನೆ. ಎಲ್ಲಿ ಹೋಯ್ತು ನಿನ್ನ ಮೂಗು?”

ಮೂಗಪ್ಪ ಕಕ್ಕಾಬಿಕ್ಕಿಯಾದ. ಕಿತ್ತಳೆ! ಒಂದು ತೊಳೆ ಬಿಡಿಸಿದರೆ ಇಡೀ ರೈಲಿಗೆ ಗೊತ್ತಾಗುವ ಹಣ್ಣು. ಅದನ್ನು ತನ್ನ ಮೂಗಿನಡಿಯಲ್ಲೇ ಕೂತು ದಿನಾ ತಿನ್ನುವವನು ಯಾರು? ಚೀಲ ತುಂಬಿದರೆ ಹೆಂಡತಿಯ ಕೆಲಸ ಉಳಿಯಿತು ಎಂದು ಒಂದು ಕ್ಷಣ ಮನಸ್ಸು ಕುಣಿಯಿತು. ಮರುಕ್ಷಣ, ಹಾಗೆ ಕುಣಿದದ್ದಕ್ಕೆ ನಾಚಿಕೆಯಾಯಿತು. ಮಾನ ಹೋದದ್ದಕ್ಕೆ ಅಳಬೇಕೋ, ಮನೆ ಉಳಿದದ್ದಕ್ಕೆ ನಗಬೇಕೋ ತಿಳಿಯದೆ ಹೊರಗೆ ಬಂದ. ಹೆಂಡತಿಗೆ ಈ ವಿಷಯ ಹೇಳಲೂ ಇಲ್ಲ, ಯಾವ ಮುಖ ಇಟ್ಟುಕೊಂಡು ಹೇಳುವುದು?

ಅಂದಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೊನೆಯ ಬೋಗಿಯನ್ನೇ ಕಾದ. ಬಾಗಿಲ ಮರೆಯಲ್ಲಿ ನಿಂತು ನೋಡಿದ. ಟೋಪಿ ತೆಗೆದು ಸಾಮಾನ್ಯ ಪ್ರಯಾಣಿಕನ ಹಾಗೆ ಕೂತು ನೋಡಿದ. ಬೆವರು, ತಲೆಗೆಣ್ಣೆ, ಹೊಸ ಚಪ್ಪಲಿಯ ಚರ್ಮ, ಯಾರದೋ ಒಗೆಯದ ಕಾಲುಚೀಲ, ಎಲ್ಲ ಬಂತು. ಕಿತ್ತಳೆ ಮಾತ್ರ ಇಲ್ಲ. ಒಂದು ದಿನ ಮೂಲೆಯ ಸೀಟಿನ ಮುದುಕನೊಬ್ಬ ದವಡೆ ಆಡಿಸುತ್ತಿರುವುದು ಕಂಡಿತು. ಹಾರಿಹೋಗಿ ಅವನ ಮುಂದೆ ನಿಂತ.

“ಬಾಯಿ ತೆರೀರಿ ಅಜ್ಜಾರೆ.”

ಅಜ್ಜ ತೆರೆದ. ಒಳಗೆ ಹಣ್ಣಿರಲಿ, ಹಲ್ಲೂ ಇರಲಿಲ್ಲ.

“ಹಲ್ಲು ಹೋದ ಬಾಯಿ ಸುಮ್ನೆ ಇರಲ್ಲಪ್ಪ, ಹಳೇ ಅಭ್ಯಾಸ” ಎಂದ ಅಜ್ಜ. “ನೆನಪು ಅಗೀತೀನಿ. ಅದಕ್ಕೂ ದಂಡ ಇದೆಯಾ?”

ಮೂಗಪ್ಪ ಕೈಮುಗಿದು ಹಿಂದೆ ಸರಿದ. ಆ ದಿನವೂ ಕೊನೆಯ ನಿಲ್ದಾಣದ ತನಕ ಬೋಗಿಯ ನೆಲ ಚೊಕ್ಕವಾಗಿತ್ತು. ಅವನು ಕಣ್ಣಾರೆ ನೋಡಿ ಇಳಿದಿದ್ದ. ಆದರೂ ಚೀಲದಲ್ಲಿ ಸಿಪ್ಪೆ ಸಿಕ್ಕಿತಂತೆ. ತನಗೇ ಏನೋ ಆಗಿದೆ, ಮೂಗಿನ ಜೊತೆ ಕಣ್ಣೂ ಹೋಗುತ್ತಿದೆ ಎಂದು ಅವನಿಗೆ ಭಯ ಹತ್ತಿತು. ಮನೆಯಲ್ಲಿ ಉಪ್ಪಿನ ಡಬ್ಬಿ, ಸೋಪು, ತನ್ನ ಅಂಗಿಯ ತೋಳು ಎಲ್ಲವನ್ನೂ ಮೂಸಿ ಮೂಸಿ ನೋಡಿದ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಎಂದಿನಂತೆ ಕಿತ್ತಳೆ ತರಲು ಒಳಗೆ ಹೋದಳು.

ಮೂರನೆಯ ಸಲ ಕರೆ ಬಂದಾಗ ಸಾಹೇಬರ ಮೇಜಿನ ಮೇಲೆ ಒಂದು ಪೇಪರ್ ಹರಡಿತ್ತು. ಮೇಸ್ತ್ರಿ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ಇವತ್ತಿನದು ನೋಡು” ಎಂದರು ಸಾಹೇಬರು. “ನನಗೆ ಈಗ ಬೇರೆ ಅನುಮಾನ. ಯಾರೂ ತಿಂತಿಲ್ಲ. ಗುಡಿಸೋ ಹೆಂಗಸರೇ ಎಲ್ಲಿಂದಲೋ ತಂದು ಚೀಲಕ್ಕೆ ಹಾಕ್ತಿದ್ದಾರೆ. ಇದು ನಿಜ ಅಂತಾದ್ರೆ ನಾಲ್ಕೂ ಜನರನ್ನ ಇವತ್ತೇ ಮನೆಗೆ ಕಳಿಸ್ತೀನಿ. ನೀನೇ ಹೇಳು, ನಿನ್ನ ಮೂಗು ಏನು ಹೇಳುತ್ತೆ?”

ಅವನು ಬಗ್ಗಿ ನೋಡಿದ. ಮೇಜಿನ ಮೇಲೆ ಕಿತ್ತಳೆಯ ಸಿಪ್ಪೆ, ತುದಿಯಿಂದ ಬುಡದ ತನಕ ಎಲ್ಲೂ ಹರಿಯದ ಒಂದೇ ಉದ್ದನೆಯ ಸುರುಳಿ. ತೊಟ್ಟಿನ ಜಾಗ ತುದಿಯಲ್ಲಿ ಅಂಗಿಯ ಗುಂಡಿಯಂತೆ ಅಂಟಿಕೊಂಡೇ ಇದೆ. ಅಂಚು ಒಣಗಿದೆ, ನಿನ್ನೆಯದು. ಪಕ್ಕದಲ್ಲಿ ಕಡಲೆಕಾಯಿ ಸಿಪ್ಪೆ, ಒಂದೊಂದೂ ಹೆಬ್ಬೆರಳಲ್ಲಿ ಅದುಮಿ ನಡುವಿಗೆ ಸೀಳಿದ್ದು. ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ.

ಈ ಜಗತ್ತಿನಲ್ಲಿ ಕಿತ್ತಳೆಯನ್ನು ಹಾಗೆ ಸುಲಿಯುವ ಕೈ ಒಂದೇ ಎಂದು ಅವನಿಗೆ ಗೊತ್ತಿತ್ತು. ಇದರ ಜಾಡು ತನ್ನ ಮನೆಯಲ್ಲೇ ಇದ್ದರೂ ಮೂಗಿಗೆ ಯಾಕೆ ಸಿಗಲಿಲ್ಲವೆಂದೂ ಆಗ ತಿಳಿಯಿತು. ಆ ವಾಸನೆ ಅವನ ಅಂಗಿಯದು, ಹಾಸಿಗೆಯದು, ಅವಳ ಬೆರಳುಗಳದು. ಇಷ್ಟು ವರ್ಷ ಅದರೊಳಗೇ ಬದುಕಿದವನಿಗೆ ಅದೊಂದು ವಾಸನೆ ಎಂದೇ ಅನ್ನಿಸಿರಲಿಲ್ಲ. ರೈಲು ಖಾಲಿಯಾದ ಮೇಲೆ ಆ ಪೇಪರನ್ನು ಬಿಚ್ಚಿ, ಸಿಪ್ಪೆ ನೆಲಕ್ಕೆ ಉದುರಿಸಿ, ತಾನೇ ಗುಡಿಸಿ ತುಂಬುವ ಅವಳ ಬೆನ್ನು ಅವನಿಗೆ ಕಣ್ಣಿಗೆ ಕಟ್ಟಿತು. ಕೋಪ ಬರಬೇಕಿತ್ತು. ಎದೆ ತುಂಬಿ ಬಂತು. ಮೇಸ್ತ್ರಿಗೆ ತೋರಿಸುವ ಚೀಲ ತನ್ನ ಗಂಡನ ಕುತ್ತಿಗೆಗೆ ಬರುತ್ತದೆಂದು ಆ ಪೆದ್ದಿಗೆ ಹೊಳೆದಿರಲಿಕ್ಕಿಲ್ಲ.

ಸಾಹೇಬರು ಮೇಜು ಕುಟ್ಟಿದರು. “ಇದನ್ನ ಯಾರಾದ್ರೂ ತಿಂದಿದ್ದಾರೋ ಇಲ್ವೋ? ಅಷ್ಟು ಹೇಳು.”

ಇದೊಂದು ಪ್ರಶ್ನೆಗೆ ಮಾತ್ರ ಅವನಲ್ಲಿ ಗೊಂದಲವೇ ಇರಲಿಲ್ಲ.

“ತಿಂದಿದ್ದಾರೆ ಸಾರ್.”

“ಯಾರು?”

“ನಾನೇ.”

ಮೇಸ್ತ್ರಿಯ ಕೈಕಟ್ಟು ಬಿಚ್ಚಿತು. ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. “ನೀನಾ? ಕಡಲೆಕಾಯೀನೂ?” ಎಂದರು. “ಅದನ್ನೂ ಸಾರ್, ದಿನಾ” ಎಂದ. ಅವರಿಗೆ ಅದೆಷ್ಟು ಆಘಾತವಾಯಿತೆಂದರೆ ಮುಂದಿನ ಪ್ರಶ್ನೆಯೇ ಹೊರಡಲಿಲ್ಲ. ಅವನು ತನ್ನದೇ ರಸೀದಿ ಪುಸ್ತಕ ತೆಗೆದು ತನ್ನ ಹೆಸರಿಗೇ ದಂಡ ಬರೆದು, ಸಹಿ ಹಾಕಿ, ಮೇಜಿನ ಮೇಲಿಟ್ಟ. ಸಂಬಳದ ದಿನವಲ್ಲದ ದಿನ ಆ ಹೆಸರು ಕೆಲಸಕ್ಕೆ ಬಂದದ್ದು ಅದೇ ಮೊದಲು.

ಅವನನ್ನು ರೈಲಿನಿಂದ ಇಳಿಸಿ, ಪ್ರಯಾಣಿಕರು ಮರೆತುಹೋದ ಸಾಮಾನು ಇಡುವ ಕೋಣೆಗೆ ಹಾಕಿದರು. ಒಂಟಿ ಚಪ್ಪಲಿಗಳ, ಮುರಿದ ಛತ್ರಿಗಳ ನಡುವೆ ಸ್ಟೂಲೊಂದು ಸಿಕ್ಕಿತು. ಅವನ ಜಾಗಕ್ಕೆ ಬಂದವನ ಮೂಗು ಎಲ್ಲರಂಥದ್ದು. ಬಿಸಿ ಬನ್ನು ಮುಖದ ಮುಂದೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಜನ ಒಂದು ವಾರ ನೋಡಿದರು, ಆಮೇಲೆ ಡಬ್ಬಿ ಬಿಚ್ಚಿದರು. ಗೋಣಿಚೀಲಗಳ ಹೊಟ್ಟೆ ಮತ್ತೆ ಮುಂದೆ ಬಂತು. ನಾಲ್ಕು ಹೆಂಗಸರೂ ಸಾಲದೆಂದು ಮೇಸ್ತ್ರಿ ಗೊಣಗತೊಡಗಿದ.

ಆದರೆ ಅದೆಲ್ಲ ಆಮೇಲಿನ ಮಾತು. ಅವನು ದಂಡ ಬರೆದ ದಿನ ಸಂಜೆ, ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಅವಳು ಕಿತ್ತಳೆ ಹಿಡಿದು ನೆಲದ ಮೇಲೆ ಕೂತಿದ್ದಳು. ಸಿಪ್ಪೆ ಚೂರು ಚೂರಾಗಿ ಕಿತ್ತುಬಂದಿತ್ತು.

“ನನಗೋಸ್ಕರ ಸುಳ್ಳು ಹೇಳಿಬಿಟ್ರಲ್ಲ” ಎಂದಳು. ಕಣ್ಣೀರು ಕೈಮೇಲೆ ಬಿತ್ತು. “ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳ್ದೋರಲ್ಲ ನೀವು.”

ಅವನು ಅವಳೆದುರು ಕೂತ. ದಾರಿಯುದ್ದಕ್ಕೂ ಅವನು ಯೋಚಿಸಿದ್ದೂ ಅದನ್ನೇ.

“ಸುಳ್ಳು ಎಲ್ಲಿ ಹೇಳ್ದೆ? ನೀನು ಸುಲಿದಿದ್ದನ್ನ ದಿನಾ ತಿಂದೋನು ನಾನೇ ತಾನೆ?”

“ಮತ್ತೆ...”

“ಎಲ್ಲಿ ಕೂತು ತಿಂದೆ ಅಂತ ಅವರು ಕೇಳಲೇ ಇಲ್ಲ ಕಣೆ” ಎಂದು ಅವನು ಕೈ ಚಾಚಿದ. ಅವಳು ಮೂಗೊರೆಸಿಕೊಂಡು ಮೊದಲ ತೊಳೆಯನ್ನು ಅದರಲ್ಲಿಟ್ಟಳು.