ಮೂರನೆಯ ರವಿವಾರ

ಹೋದ ತಿಂಗಳು ಹೊಲದ ಕಾಗದವೊಂದಕ್ಕಾಗಿ ಇಂಡಿ ತಾಲೂಕಿನ ನೋಂದಣಿ ಕಚೇರಿಗೆ ಹೋಗಿದ್ದೆ. ಜವಾನ ಬಾಗಿಲ ಪಕ್ಕದ ಹಲಗೆಗೆ ಹಾಳೆಯೊಂದನ್ನು ಅಂಟಿಸುತ್ತಿದ್ದ. ಮೈದಾ ಕುದಿಸಿ ಮಾಡಿದ ಅಂಟು ಇನ್ನೂ ಹಸಿಯಾಗಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಒಬ್ಬ ಹುಡುಗ, ಒಬ್ಬ ಹುಡುಗಿ, ಇಬ್ಬರ ಹೆಸರು. ಇವರ ಮದುವೆಗೆ ಯಾರದಾದರೂ ತಕರಾರಿದ್ದರೆ ಮೂವತ್ತು ದಿನದೊಳಗೆ ತಿಳಿಸಬೇಕು ಎಂದು ಕೆಳಗೆ ಬರೆದಿತ್ತು. ಒಳಗಿನಿಂದ ನನ್ನ ಹೆಸರು ಕರೆದರೂ ಕೇಳಿಸದೆ ಅದರ ಮುಂದೆಯೇ ನಿಂತುಬಿಟ್ಟೆ. ಅಕ್ಕೋರು ನೆನಪಾಗಿದ್ದರು...

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅಂತಲೇ ಕರೆಯುವುದು. ಇವರು ಬಸವನ ಬಾಗೇವಾಡಿಯಿಂದ ವರ್ಗವಾಗಿ ಬಂದು, ತೊಂಬತ್ತರ ದಶಕದ ಕೊನೆಗೆ ನಮ್ಮ ಮನೆಯ ಮುಂದಿನ ಎರಡು ಖೋಲಿ ಬಾಡಿಗೆ ಹಿಡಿದರು. ನಲವತ್ತು ದಾಟಿತ್ತು, ಒಬ್ಬರೇ ಇದ್ದರು. ನಾವು ಲಿಂಗ ಕಟ್ಟುವ ಮಂದಿ, ಅವರು ಬೈಬಲ್ ಓದುವವರು. ಅದರಿಂದ ಯಾರಿಗೂ ಏನೂ ತೊಂದರೆಯಾಗಲಿಲ್ಲ. ಅವ್ವ ಮಜ್ಜಿಗೆ ಕಳಿಸಿದರೆ ಅವರು ಪಾತ್ರೆಯನ್ನು ಖಾಲಿ ಮರಳಿಸುತ್ತಿರಲಿಲ್ಲ. ರವಿವಾರ ಬೆಳಗಿನ ಬಸ್ಸಿಗೆ ಬಿಜಾಪುರದ ಚರ್ಚಿಗೆ ಹೋಗಿ ಸಂಜೆ ಬರುತ್ತಿದ್ದರು. ಉಳಿದ ದಿನ ಸಾಲಿ ಬಿಟ್ಟ ಮೇಲೆ ಅವರು ರೊಟ್ಟಿ ಬಡಿಯುವ ಸಪ್ಪಳ ಗೋಡೆಯಾಚೆ ಕೇಳುತ್ತಿತ್ತು. ಒಂದೇ ರೊಟ್ಟಿ. ಇಷ್ಟು ಬೇಗ ನಿಂತಿತಲ್ಲ ಎಂದು ನನಗೆ ಪ್ರತಿ ಸಲ ಅನ್ನಿಸುತ್ತಿತ್ತು.

ಅಂಥ ಅಕ್ಕೋರು ಪ್ರೀತಿಯ ಕಥೆ ಬರೆಯುತ್ತಿದ್ದರು ಎಂದರೆ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಅವರ ಚರ್ಚಿನ ಸಭೆಯ ಯುವಕ ಯುವತಿಯರಿಗಾಗಿ ಒಂದು ಮಾಸಪತ್ರಿಕೆ ಬರುತ್ತಿತ್ತು, ಅದಕ್ಕೆ ಬರೆಯುತ್ತಿದ್ದರು. ಸಾಲಿಯ ಹಲಗೆಯ ಮೇಲೆ ಬರೆದು ಬರೆದು ಅವರ ಅಕ್ಷರ ಎಷ್ಟು ದಪ್ಪಗಾಗಿದ್ದವೆಂದರೆ ಒಂದು ಪುಟಕ್ಕೆ ಹತ್ತು ಸಾಲೂ ಹಿಡಿಯುತ್ತಿರಲಿಲ್ಲ. ಹೀಗಾಗಿ ನೀಟಾಗಿ ನಕಲು ಮಾಡಿಕೊಡುವ ಕೆಲಸ ಪಿಯುಸಿ ಓದುತ್ತಿದ್ದ ನನ್ನ ಪಾಲಿಗೆ ಬಂತು. ನನಗೋ ಹಬ್ಬ. ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಛತ್ರಿ ಮರೆತುಹೋದ ಕರುಣಾ, ಅದನ್ನು ಹಿಡಿದುಕೊಂಡು ಕೊಲ್ಹಾರದ ತನಕ ಅವಳನ್ನು ಹುಡುಕಿ ಬರುವ ಸಮಾಧಾನಪ್ಪ... ಇವರೆಲ್ಲ ನನಗೆ ನನ್ನ ಕ್ಲಾಸಿನ ಹುಡುಗಿಯರಿಗಿಂತ ಹತ್ತಿರದವರಾಗಿದ್ದರು.

ಪತ್ರಿಕೆ ನಡೆಸುತ್ತಿದ್ದ ಪಾದ್ರಿಯವರು ಬಲು ಕಟ್ಟುನಿಟ್ಟು. ಮದುವೆಗೆ ಮೊದಲು ಹುಡುಗ ಹುಡುಗಿ ಇಬ್ಬರೇ ಒಂದು ಕೋಣೆಯಲ್ಲಿ ಇರಕೂಡದು ಎಂದು ಪತ್ರ ಬರೆದಿದ್ದರು. ಅಕ್ಕೋರು ತಲೆ ಕೆಡಿಸಿಕೊಳ್ಳಲಿಲ್ಲ; ಪ್ರತಿ ಕಥೆಯಲ್ಲೂ ಒಬ್ಬ ಮುದಿ ಸೋದರತ್ತೆಯನ್ನು ತಂದು ಮೂಲೆಯಲ್ಲಿ ಅಕ್ಕಿ ಆರಿಸಲು ಕೂಡಿಸಿದರು. ಅತ್ತೆಗೆ ಕಿವಿ ಮಂದ. ಬೇಕಾದ ಹೊತ್ತಿಗೆ ಸರಿಯಾಗಿ ತೂಕಡಿಕೆ ಬೇರೆ.

"ಆ ಮುದುಕಿನ್ನ ಇನ್ನ ಎಷ್ಟ್ ಕತಿಯೊಳಗ ಮಲಗಸ್ತೀರಿ ಅಕ್ಕೋರ?" ಎಂದು ನಾನು ಕಾಡಿದರೆ, "ಆಕಿ ಎದ್ದ್ರ ಕತಿ ಮುಗೀತ ನೋಡು ತಂಗಿ," ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಕಥೆ ಯಾವುದೇ ಇರಲಿ, ಕೊನೆ ಮಾತ್ರ ಒಂದೇ. ಅವರಲ್ಲಿ ಮದುವೆ ಗೊತ್ತಾದ ಮೇಲೆ ಮೂರು ರವಿವಾರ ಚರ್ಚಿನಲ್ಲಿ ಪಾದ್ರಿಯವರು ಇಬ್ಬರ ಹೆಸರು ಓದಿ, ಯಾರದಾದರೂ ಅಡ್ಡಿ ಇದೆಯೇ ಎಂದು ಎಲ್ಲರೆದುರು ಕೇಳುತ್ತಾರೆ. ಮೂರನೆಯ ರವಿವಾರವೂ ಯಾರೂ ಏಳದಿದ್ದರೆ ಮದುವೆ. ಅಕ್ಕೋರ ಎಲ್ಲ ಕಥೆಗಳೂ ಆ ಮೂರನೆಯ ರವಿವಾರಕ್ಕೆ ಬಂದು ನಿಲ್ಲುತ್ತಿದ್ದವು. ಹೆಸರು ಓದಿಯಾದ ಮೇಲಿನ ಆ ಒಂದು ಗಳಿಗೆಯನ್ನು ಅವರು ಬರೆದದ್ದನ್ನು ನಕಲು ಮಾಡುವಾಗ ನಾನೂ ಉಸಿರು ಬಿಗಿಹಿಡಿಯುತ್ತಿದ್ದೆ.

ಒಂದು ಬೇಸಿಗೆ, ಸೂಟಿ ಶುರುವಾದ ದಿನ, ಅವರು ಮುದ್ದೇಬಿಹಾಳದ ತಮ್ಮನ ಮನೆಗೆ ಹೊರಟಿದ್ದರು. ಚೀಲವನ್ನು ಹೊಸ್ತಿಲ ಬಳಿ ಇಟ್ಟು ನನ್ನ ಕೈಗೆ ಒಂದು ಕಥೆ ಕೊಟ್ಟರು.

"ಇದನ್ನ ಇದ್ದಂಗ ಬರದು ಟಪಾಲಿಗೆ ಹಾಕು. ಒಂದಕ್ಷರ ಹೆಚ್ಚುಕಡಿಮಿ ಆಗಬಾರದು. ಇದೊಂದ ಬರೀಬೇಕಂತ ಉಳದದ್ದೆಲ್ಲಾ ಬರದೇನಿ, ತಂಗಿ."

ಅದರಲ್ಲಿ ತೂಕಡಿಸುವ ಅತ್ತೆ ಇರಲಿಲ್ಲ. ಸಾಲಿ ಕಲಿಸುವ ಒಬ್ಬ ಹುಡುಗಿ ಇದ್ದಳು. ಎರಡು ರವಿವಾರ ಅವಳ ಹೆಸರು, ಅವನ ಹೆಸರು ಓದಿಯಾಗಿತ್ತು. ಮೂರನೆಯ ರವಿವಾರ ಅವಳು ಹೊಸ ಸೀರೆಯುಟ್ಟು ಮುಂದಿನ ಚಾಪೆಯ ಮೇಲೆ ಕೂತಳು. ಪಾದ್ರಿಯವರು ಉಳಿದದ್ದೆಲ್ಲ ಓದಿದರು, ಅವಳ ಹೆಸರು ಬರಲಿಲ್ಲ. ಎರಡೂ ಮನೆಯ ಹಿರಿಯರು ಹಿಂದಿನ ಸಂಜೆಯೇ ಕೂತು ಈ ಸಂಬಂಧ ಬೇಡವೆಂದು ಮುಗಿಸಿದ್ದರು. ಅವಳಿಗೆ ಹೇಳುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಪ್ರಾರ್ಥನೆ ಮುಗಿಸಿ ಮನೆಗೆ ಬಂದು ಅವಳು ಅನ್ನಕ್ಕೆ ಎಸರಿಟ್ಟಳು. ಅಲ್ಲಿಗೆ ಕಥೆ ಮುಗಿದಿತ್ತು.

ಇದು ಯಾರ ಕಥೆ ಎಂದು ನನಗೆ ಗೊತ್ತಾಯಿತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು. ನಾನು ಹದಿನೇಳರ ಹುಡುಗಿ, ಸಂಕಟ ತಡೆಯಲಾಗಲಿಲ್ಲ. ಊರಿಗೆಲ್ಲ ಮದುವೆ ಮಾಡಿಸಿದ ಅಕ್ಕೋರಿಗೆ ಕಾಗದದ ಮೇಲಾದರೂ ಒಂದು ಮದುವೆ ಬೇಡವೇ ಎಂದು, ಅವರ ಕೊನೆಯ ಪುಟ ಬಿಟ್ಟು ನಾನೇ ಒಂದು ಪುಟ ಬರೆದೆ. ಪಾದ್ರಿಯವರು ಮೂರನೆಯ ಸಲವೂ ಹೆಸರು ಓದಿದರು, ಯಾರೂ ಏಳಲಿಲ್ಲ, ಚರ್ಚಿನ ಗಂಟೆ ಬಾರಿಸಿತು. ಟಪಾಲಿಗೆ ಹಾಕಿ ಬಂದು, ಆ ಹಳೆಯ ದುಃಖ ಮತ್ತೆ ಅವರ ಕಣ್ಣಿಗೆ ಬೀಳುವುದೇ ಬೇಡವೆಂದು ಅವರ ಹಾಳೆಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆ. ದೊಡ್ಡ ಉಡುಗೊರೆ ಕೊಟ್ಟೆನೆಂಬ ಹಿಗ್ಗಿನಲ್ಲೇ ನನ್ನ ಸೂಟಿ ಕಳೆಯಿತು.

ಶ್ರಾವಣದಲ್ಲಿ ಪತ್ರಿಕೆ ಬಂತು. ಅಕ್ಕೋರು ಅಂಗಳದಲ್ಲಿ ನಿಂತೇ ಓದಿದರು. ಕೊನೆಗೆ ಬಂದವರು ಮತ್ತೆ ಹಿಂದಿನ ಪುಟ ತಿರುವಿದರು, ಮತ್ತೆ ಕೊನೆಗೆ ಬಂದರು. ನಾನು ಕಟ್ಟೆಯ ಮೇಲೆ ಕೂತು, ಈಗ ನಗುತ್ತಾರೆ, ಇನ್ನೇನು ನಗುತ್ತಾರೆ ಎಂದು ಅವರ ಮುಖವನ್ನೇ ನೋಡುತ್ತಿದ್ದೆ.

"ನನ್ನ ಹಾಳಿ ಎಲ್ಲಿ ಅದಾವು?"

"ಸುಟ್ಟೆನ್ರಿ ಅಕ್ಕೋರ. ನಿಮಗ ಚಲೋ ಅನಸಲಿ ಅಂತ..."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿ ನಾಲ್ಕು ಬೈದಿದ್ದರೆ ನಾನು ಎಂದೋ ಮರೆಯುತ್ತಿದ್ದೆನೇನೋ.

"ಆವಾಗೂ ನನ್ನ ಯಾರೂ ಕೇಳಲಿಲ್ಲ," ಎಂದರು. "ಈಗ ನೀನೂ ಕೇಳಲಿಲ್ಲ, ತಂಗಿ."

"ಮತ್ತೊಮ್ಮೆ ಬರೀರಿ, ಈ ಸಲ ಇದ್ದಂಗ ಬರಕೊಡತೇನಿ," ಎಂದೆ. ಅಳು ಬರುತ್ತಿತ್ತು.

"ಒಮ್ಮೆ ಬರಿಯಾಕ ಇಪ್ಪತ್ತ ವರ್ಷ ಹಿಡೀತು," ಎಂದು ಒಳಗೆ ಹೋದರು.

ಆ ಕಥೆಗೆ ಬಂದಷ್ಟು ಪತ್ರ ಅವರ ಬೇರೆ ಯಾವ ಕಥೆಗೂ ಬರಲಿಲ್ಲ. ಸಿಂದಗಿಯಿಂದ, ಆಲಮೇಲದಿಂದ ಹುಡುಗಿಯರು ಬರೆದಿದ್ದರು, ಕೊನೆಯ ಪುಟ ಓದಿ ಕಣ್ಣೀರು ಬಂತು ಎಂದು. ಅಕ್ಕೋರು ಪ್ರತಿಯೊಬ್ಬರಿಗೂ ತಮ್ಮ ದಪ್ಪ ಅಕ್ಷರದಲ್ಲಿ ಕಾರ್ಡು ಬರೆದು ಉತ್ತರಿಸಿದರು. ನನ್ನನ್ನು ಕರೆಯಲಿಲ್ಲ. ಮತ್ತೆ ಕಥೆಯನ್ನೂ ಬರೆಯಲಿಲ್ಲ. ಮಜ್ಜಿಗೆಯ ಪಾತ್ರೆ ಮೊದಲಿನಂತೆಯೇ ಓಡಾಡುತ್ತಿತ್ತು, ನನ್ನೊಂದಿಗೆ ಮಾತೂ ಆಡುತ್ತಿದ್ದರು, ಆದರೆ ಅದು ಊಟ ಆಯಿತೇ, ಓದು ಹೇಗಿದೆ ಎಂಬುದರ ಆಚೆಗೆ ಹೋಗುತ್ತಿರಲಿಲ್ಲ. ಗೋಡೆಯ ಈಚೆ ನಾನು, ಆಚೆ ಅವರು... ಅಂಥ ಒಂಟಿತನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಅವರಿಗೆ ಅದು ಹಳೆಯದೇ ಇರಬೇಕು.

ಮರುವರ್ಷ ಅವರಿಗೆ ಸಿಂದಗಿಗೆ ವರ್ಗವಾಯಿತು. ಟ್ರಂಕು ಗಾಡಿಗೆ ಏರಿಸುವಾಗ ತಪ್ಪಾಯಿತು ಅಕ್ಕೋರ ಎನ್ನುವ ಮಾತು ಬಾಯಿವರೆಗೆ ಬಂದಿತ್ತು. ಅವ್ವ, ಓಣಿಯ ಮಂದಿ ಎಲ್ಲ ನಿಂತಿದ್ದರು, ಸುಮ್ಮನಾದೆ. ಸಿಂದಗಿ ಏನು ದೂರ, ಯಾವಾಗಾದರೂ ಹೋದರಾಯಿತು ಎಂದುಕೊಂಡೆ. ಹೋಗಲಿಲ್ಲ. ಅವರು ತೀರಿಕೊಂಡು ಎಷ್ಟೋ ತಿಂಗಳಾದ ಮೇಲೆ ಸಂತೆಯಲ್ಲಿ ಯಾರೋ ಸುದ್ದಿ ಹೇಳಿದರು.

ಕಚೇರಿಯಿಂದ ಬಂದ ಆ ದಿನ ಊಟಕ್ಕೂ ಏಳದೆ ಹಾಳೆ ಪೆನ್ನು ಹಿಡಿದು ಕೂತೆ. ನಾನು ಸುಟ್ಟ ಆ ಕೊನೆಯ ಪುಟವನ್ನಾದರೂ ಅವರು ಬರೆದಂತೆಯೇ ಬರೆದಿಡೋಣ ಎಂದು. ಅದರಲ್ಲಿ ಏನಾಗುತ್ತದೆ ಎಂಬುದು ನೆನಪಿದೆ, ಮೇಲೆ ಹೇಳಿದೆನಲ್ಲ, ಅಷ್ಟು. ಅವರು ಅದನ್ನು ಯಾವ ಮಾತಿನಲ್ಲಿ ಹೇಳಿದ್ದರು ಎಂಬುದು ಹೋಗಿಬಿಟ್ಟಿದೆ. ಎಷ್ಟು ಹೊತ್ತು ಕೂತರೂ ಅವರದೊಂದು ಸಾಲೂ ಬರಲಿಲ್ಲ. ನಾನು ಬರೆದ ಪುಟ ಮಾತ್ರ ಒಂದಕ್ಷರ ಬಿಡದೆ ಬಾಯಿಪಾಠ ಬರುತ್ತದೆ.